ಕಡಲತೋಳ ಕಾಯುವ ಕೆಲಸ

ಡಿಸೆಂಬರ್ 12

ಕಾಗದ ಬರೆಯುವ ಚಟ ನನಗೆ ಹಳೆಯದು. ತಂಗಿ ಇದ್ದಷ್ಟು ಕಾಲ ಅವಳಿಗೆ ಬರೆದೆ. ಅವಳು ಹೋದ ಮೇಲೆ ಅವಳ ಮಕ್ಕಳಿಗೆ ಬರೆದೆ. ಅವರು ಉತ್ತರ ಕೊಡುವ ಪೈಕಿ ಅಲ್ಲ. ಇವತ್ತು ಗಾಳಿ ಸ್ವಲ್ಪ ತಗ್ಗಿದಾಗ ಕೂತು, ಅಭ್ಯಾಸಬಲದಿಂದ “ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ” ಎಂದು ಬರೆದೆ. ಆಮೇಲೆ ಯಾರಿಗೆ ಎಂದು ತಿಳಿಯದೆ ಪೆನ್ನು ಹಿಡಿದುಕೊಂಡು ಹಾಗೇ ಇದ್ದೆ. ನನಗೇ ಬರೆದುಕೊಂಡರಾಯಿತು. ಅಂಚೆಚೀಟಿಯ ಖರ್ಚೂ ಉಳಿಯಿತು.

ನೀರಿನ ಲಾರಿಯ ಗಾವ್ನಾ ಬೆಳಿಗ್ಗೆ ತೊಟ್ಟಿ ತುಂಬಿಸಿ, ಹಿಟ್ಟು, ಕಷಾಯದ ಯೆರ್ಬಾ ಸೊಪ್ಪು, ಅರ್ಧ ಕುರಿ ಇಳಿಸಿ ಹೋದ. ಹೋಗುವಾಗ ಬಾಗಿಲಲ್ಲಿ ನಿಂತು ಟೋಪಿ ತಿರುಗಿಸುತ್ತಿದ್ದ.

“ಫೆಬ್ರವರಿ ಮುಗಿಯೋವರೆಗೂ ಒಬ್ರೇನಾ ದೋನ್ಯಾ?” ಮರ್ಯಾದೆಗೆ ದೋನ್ಯಾ ಅನ್ನುವುದನ್ನು ಅವನು ಬಿಡುವುದಿಲ್ಲ.

“ಒಬ್ಬಳೇ ಎಲ್ಲಿ? ಕೆಳಗೆ ಊರಿಗೆ ಊರೇ ಬಂದು ಇಳಿಯುತ್ತಲ್ಲ.”

“ಅವ್ರ ಹತ್ರ ನೀವು ಮಾತಾಡಿ, ಪರ್ವಾಗಿಲ್ಲ. ಅವ್ರು ವಾಪಸ್ ಮಾತಾಡಿದ್ರೆ ಮಾತ್ರ ನಂಗೆ ಹೇಳಿಕಳ್ಸಿ.”

ನನ್ನ ಗಂಡ ರೋಸೆಂದೊ ಪುಂತಾ ಕೆಮಾದಾದ ಈ ಬಂಡೆಯ ಮೇಲೆ ಕೂತು ಮೂವತ್ತು ವರ್ಷಕ್ಕೂ ಮೇಲೆ ಕಡಲಸಿಂಹಗಳನ್ನು ಕಾದ. ಈ ದಕ್ಷಿಣದಲ್ಲಿ ನಡುಚಳಿಗಾಲವಾದ ಆಗಸ್ಟ್‌ನಲ್ಲಿ ಎದೆ ಹಿಡಿದು ಹೋದ. ವನ್ಯಜೀವಿ ಕಚೇರಿಯ ಸಾರಾತೆ ಸಾಹೇಬರು ಒಳ್ಳೆಯವರು, ಬಂದು ನನ್ನೆದುರು ಕೂತು ಬಿಡಿಸಿ ಹೇಳಿದರು: ಈ ಸಲದ ಮರಿ ಹಾಕುವ ಕಾಲ ಪೂರ್ತಿ, ಒಂದು ದಿನವೂ ತಪ್ಪದೆ ನಾನು ನೋಡಿ ಸಂಜೆ ವೈರ್‌ಲೆಸ್‌ನಲ್ಲಿ ವರದಿ ಕೊಟ್ಟರೆ, ಕೆಲಸವನ್ನು ನನ್ನ ಹೆಸರಿಗೆ ಮಾಡಿಸಲು ನೋಡುತ್ತಾರಂತೆ. ಕೆಲಸ ಇದ್ದರೆ ಈ ಮನೆ. ಇಲ್ಲವಾದರೆ ಮಾರ್ಚ್‌ನಲ್ಲಿ ಹೊಸಬ ಬರುತ್ತಾನೆ, ನಾನು ಗಂಟು ಕಟ್ಟಬೇಕು. ಎಲ್ಲಿಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸಂಜೆ ಮೊದಲ ಗಂಡು ಬಂತು. ನೀರಿನಿಂದ ಎದ್ದು, ಕುತ್ತಿಗೆ ಕೊಡವಿ, ಖಾಲಿ ದಂಡೆಯ ನಟ್ಟನಡುವೆ ಕೂತುಕೊಂಡಿತು. ಎಡಗಣ್ಣಿಲ್ಲ. ಯಾರೂ ಬಂದಿಲ್ಲದ ಮದುವೆಮನೆಯಲ್ಲಿ ಮೊದಲೇ ಬಂದು ಕೂತ ಬೀಗರ ಹಾಗೆ ಕಂಡಿತು.

ಡಿಸೆಂಬರ್ 19

ಗಂಡುಗಳೆಲ್ಲ ಬಂದವು. ಒಂದೊಂದೂ ಒಂದು ಮಂಚದಷ್ಟು ಜಾಗ ಹಿಡಿದು, ಪಕ್ಕದವನು ಮೂತಿ ಚಾಚಿದರೆ ಗುರುಗುಟ್ಟುತ್ತದೆ. ಇನ್ನು ಎರಡು ತಿಂಗಳು ಇವಕ್ಕೆ ಊಟವಿಲ್ಲ. ಜಾಗ ಬಿಟ್ಟು ನೀರಿಗಿಳಿದರೆ ಜಾಗ ಹೋಯಿತು. “ಹಸಿವು ತಡೆಯಬಲ್ಲವನೇ ಯಜಮಾನ” ಎಂದು ರೋಸೆಂದೊ ಹೇಳುತ್ತಿದ್ದ. ಗಾಳಿ ಕಡಲಿನಿಂದ ಬೀಸುವಾಗಲೇ ಕಲ್ಲುಗೋಡೆಯ ಮರೆಗೆ ಹೋಗಬೇಕು, ನಮ್ಮ ವಾಸನೆ ಅವಕ್ಕೆ ಬಡಿಯಬಾರದು, ಇದೂ ಅವನು ಹೇಳಿದ್ದೇ. ಏನೇ ಆದರೂ ಕೆಳಗೆ ಇಳಿಯಬಾರದು, ನೋಡುವುದಷ್ಟೇ ನಮ್ಮ ಕೆಲಸ, ಅದೂ ಅವನೇ.

ಮಧ್ಯಾಹ್ನ ರೇಡಿಯೋದಲ್ಲಿ ಹಳ್ಳಿಗಾಡಿನವರ ಸಂದೇಶ ಕೇಳಿದೆ. ಫೋನಿಲ್ಲದ ಈ ಬಯಲಿನಲ್ಲಿ ಅದೇ ನಮ್ಮ ಅಂಚೆ. ಯಾರಿಗೆ ಗಂಡು ಹುಟ್ಟಿತು, ಯಾರ ಲಾರಿ ಕೆಟ್ಟಿತು, ಯಾರು ಗುರುವಾರದ ಬಸ್ಸಿಗೆ ಬರುತ್ತಾರೆ. ಒಬ್ಬರಿಗೆ ಬಂದದ್ದನ್ನು ಕರಾವಳಿ ಪೂರ್ತಿ ಕೇಳುತ್ತದೆ. ಜಗಳವನ್ನೂ ಅದರಲ್ಲೇ ಆಡುತ್ತಾರೆ. “ನಿನ್ನ ನಾಯಿಗೆ ದಾರಿ ಗೊತ್ತಿರುವಷ್ಟು ನಿನಗೂ ಗೊತ್ತಿರಲಿ” ಅಂತ ಒಬ್ಬ ಕಳಿಸಿದರೆ ಯಾರು ಯಾರಿಗೆ, ಯಾಕೆ ಅಂತ ಎಲ್ಲರಿಗೂ ಅರ್ಥವಾಗುತ್ತದೆ. ನನಗೆ ಯಾರೂ ಏನೂ ಕಳಿಸುವವರಿಲ್ಲ. ಸುಮ್ಮನೆ ಕೇಳುತ್ತೇನೆ, ಮನೆಯಲ್ಲಿ ಒಂದು ದನಿ ಇರಲಿ ಎಂದು.

ಡಿಸೆಂಬರ್ 25

ಹಬ್ಬ. ಹಿಟ್ಟು ಕಲಸಿ ಕುರಿಕೊಬ್ಬಿನಲ್ಲಿ ನಾಲ್ಕು ರೊಟ್ಟಿ ಕರಿದೆ. ಎರಡು ಉಳಿದವು.

ಹೆಣ್ಣುಗಳು ಬರತೊಡಗಿವೆ.

ಡಿಸೆಂಬರ್ 28

ಸಿಟ್ಟು ಇಳಿದಿಲ್ಲ. ಬರೆದರೆ ಇಳಿಯಬಹುದು.

ಮಧ್ಯಾಹ್ನ ರೇಡಿಯೋದ ಹುಡುಗಿ, ಹೊಸಬಳು, ನಗುನಗುತ್ತಾ ಓದಿದಳು: “ಲಾ ಪೊರ್ಫೀಯಾದಿಂದ ಪುಂತಾ ಕೆಮಾದಾದ ರೋಸೆಂದೊ ಅವರಿಗೆ. ಉಣ್ಣೆ ಕತ್ತರಿಸೋರು ಬಂದಿದಾರೆ. ಟಗರು ಹಿಡಿಯೋಕೆ ಜನ ಸಾಲದು. ಬೇಗ ಬಾ. ಅಕ್ಕ, ಸೆಲ್ಮೀರಾ.”

ಸೋರೆಬುರುಡೆಯಲ್ಲಿದ್ದ ಯೆರ್ಬಾ ಕಷಾಯ ಮಡಿಲ ಮೇಲೆ ಚೆಲ್ಲಿತು.

ಲಾ ಪೊರ್ಫೀಯಾ ಎಂದರೆ ಹಟ. ಕುರಿಗಾವಲಿಗೆ ಅಂಥ ಹೆಸರಿಟ್ಟ ಅಪ್ಪನಿಗೆ ತಕ್ಕ ಮಗಳು ಅವಳು, ನನ್ನ ಗಂಡನ ಅಕ್ಕ. ನಾನು ಮದುವೆಯಾಗಿ ಬಂದಾಗಿನಿಂದ ನಲವತ್ತು ವರ್ಷ, ನನ್ನನ್ನು ಹೆಸರು ಹಿಡಿದು ಕರೆದವಳಲ್ಲ; “ರೋಸೆಂದೊನ ಹೆಂಡ್ತಿ” ಅಷ್ಟೇ. ಅವಳ ಕಣ್ಣಿಗೆ ಇವು ಸಿಂಹಗಳೂ ಅಲ್ಲ, ಈ ಕಡೆಯವರೆಲ್ಲ ಅನ್ನುವ ಹಾಗೆ ಕಡಲತೋಳಗಳು. “ಲೋಕದವ್ರೆಲ್ಲ ಕುರಿ ಕಾಯ್ತಾರೆ, ನನ್ನ ತಮ್ಮ ತೋಳ ಕಾಯ್ತಾನೆ, ಅದೂ ಹೆಂಡ್ತಿ ಕೂರಿಸ್ಕೊಂಡು” ಎಂದು ಅಂಗಡಿಯಲ್ಲಿ ನಿಂತು ಹೇಳುತ್ತಿದ್ದಳು. ಆಗಸ್ಟ್‌ನಲ್ಲಿ ನಾನು ಅವನನ್ನು ಇಲ್ಲಿಯೇ, ಕಡಲು ಕಾಣುವ ಕಡೆ ಮಣ್ಣು ಮಾಡೋಣವೆಂದೆ. ಅವಳು ಪಿಕಪ್ ತಂದು, ಒಂದು ಮಾತೂ ಆಡದೆ, ಒಯ್ದು ತನ್ನ ಕುರಿಗಾವಲಿನ ಕಬ್ಬಿಣದ ಬೇಲಿಯೊಳಗೆ ಅಪ್ಪ ಅಮ್ಮನ ಪಕ್ಕ ಮಲಗಿಸಿದಳು.

ಈಗ ಸತ್ತವನ ಹೆಸರಿಗೆ ಸಂದೇಶ. ಕರಾವಳಿ ಪೂರ್ತಿ ಕೇಳುವ ಹಾಗೆ. ನನ್ನ ಕಡೆಯೇ ಇದ್ದಾನೆ, ನಿನ್ನ ಕಡೆ ಯಾರಿದ್ದಾರೆ, ಅಂತ ನನ್ನನ್ನು ಚುಚ್ಚಲು.

ಜನವರಿ 3

ಮೊದಲ ಮರಿ. ಕಪ್ಪು, ಒದ್ದೆ, ಕಾಲ್ಚೀಲದಂಥದ್ದು. ಒಕ್ಕಣ್ಣನ ಬಳಗದಲ್ಲೇ ಹುಟ್ಟಿತು. ತಾಯಿ ಅದನ್ನು ಮೂಸಿತು, ಕೂಗಿತು, ಮತ್ತೆ ಮೂಸಿತು. ಮರಿಯೂ ಕೂಗಿತು. ಒಂದು ಗಳಿಗೆ ಇಬ್ಬರದೂ ಅದೇ ಕೆಲಸ, ಒಬ್ಬರ ದನಿ ಇನ್ನೊಬ್ಬರು ಬಾಯಿಪಾಠ ಮಾಡುವ ಹಾಗೆ. ಕಡಲಕಾಗೆಗಳು ಮಾಸಿಗೆ ಕಚ್ಚಾಡುತ್ತಿದ್ದವು.

ಗಾವ್ನಾ ಬಂದ. ಬುರುಡೆಯನ್ನು ಅವನ ಕೈಗೆ ಕೊಟ್ಟೆ. ಒಂದು ಸುತ್ತು ಕುಡಿದು, ನೆಲ ನೋಡುತ್ತಾ, “ಪೊರ್ಫೀಯಾದ ಅಮ್ಮನಿಗೂ ನೀರು ಹಾಕಿ ಬಂದೆ ದೋನ್ಯಾ. ಅವ್ರಿಗೂ ವಯಸ್ಸಾಯ್ತು...” ಎಂದು ಶುರು ಮಾಡಿದ.

“ವಯಸ್ಸಾದ್ರೆ ಹಾವಿಗೆ ವಿಷ ಕಮ್ಮಿ ಆಗತ್ತಾ?”

“ಹಂಗಲ್ಲ, ನಾನು ಹೇಳಿದ್ದು...”

“ಗಾವ್ನಾ, ಅವಳ ಮಾತು ಈ ಮನೇಲಿ ಬೇಡ. ನೀರು ತಂದೆ, ಇಳಿಸಿದೆ. ಅಷ್ಟು ಸಾಕು.”

ಅವನು ಬುರುಡೆ ವಾಪಸು ಕೊಟ್ಟು, “ಥ್ಯಾಂಕ್ಸ್” ಅಂದ. ನಮ್ಮಲ್ಲಿ ಬುರುಡೆ ಕೊಡುವಾಗ ಥ್ಯಾಂಕ್ಸ್ ಅಂದರೆ ಇನ್ನು ಬೇಡ, ಹೊರಟೆ ಎಂದು. ಇನ್ನೊಂದು ಸುತ್ತಿಗೆ ನೀರು ಬಿಸಿಯಾಗೇ ಇತ್ತು.

ಜನವರಿ 7

ನಿನ್ನೆ ಬಾಲಯೇಸುವನ್ನು ಕಂಡ ಮೂರುರಾಯರ ಹಬ್ಬ. ಇವತ್ತು ರೇಡಿಯೋದ ಹುಡುಗಿ ಮತ್ತೆ ಓದಿದಳು: “ರೋಸೆಂದೊ, ಕುರಿ ಬೆಂಕಿ ಮೇಲಿದೆ. ಹಬ್ಬಕ್ಕೂ ಬರಲಿಲ್ಲ. ಕಾದು ಕಾದು ಮಾಂಸ ಸೀದುಹೋಯ್ತು. ಸೆಲ್ಮೀರಾ.”

ಸಂಜೆ ವರದಿ ಕೊಡುವಾಗ ಕಚೇರಿಯ ವೈರ್‌ಲೆಸ್ ಹುಡುಗಿ ತಡವರಿಸುತ್ತಾ, “ದೋನ್ಯಾ ಒತೀಲಿಯಾ, ರೇಡಿಯೋ ಕೇಳಿದ್ರಾ?” ಎಂದಳು. ಗಾಳಿ ಯಾವ ದಿಕ್ಕಿನದು ಎಂದಷ್ಟೇ ಹೇಳಿದೆ.

ಜನವರಿ 11

ದಂಡೆಯಲ್ಲಿ ಕಾಲಿಡಲು ಜಾಗವಿಲ್ಲ. ಎಷ್ಟು ಮರಿ ಎಂದು ಮೂರು ಸಲ ಎಣಿಸಿ ಮೂರು ಲೆಕ್ಕ ಬಂತು. ರೋಸೆಂದೊ ಆಗಿದ್ದರೆ ನಾಲ್ಕನೇ ಸಲ ಎಣಿಸುತ್ತಿದ್ದ. ನಾನೂ ಎಣಿಸಿದೆ.

ಮರಿ ಹಾಕಿ ಕೆಲವು ದಿನವಾದ ತಾಯಂದಿರು ಮೇವಿಗೆ ಕಡಲಿಗೆ ಹೋಗಿ ಮೂರು ನಾಲ್ಕು ದಿನಕ್ಕೆ ತಿರುಗಿ ಬರುತ್ತವೆ. ನೀರಿನಂಚಿನಲ್ಲೇ ನಿಂತು ಕೂಗುತ್ತವೆ. ಇಷ್ಟು ಗದ್ದಲದಲ್ಲಿ ಎಲ್ಲೋ ಒಂದು ಮೂಲೆಯಿಂದ ಅದರದ್ದೇ ಮರಿ ಓಗೊಡುತ್ತದೆ. ತಪ್ಪಿ ಬೇರೆ ಮರಿ ಓಡಿಬಂದರೆ ತಾಯಿ ಅದನ್ನು ಕಚ್ಚಿ ಆಚೆಗೆ ಎಸೆಯುತ್ತದೆ. ಮೂವತ್ತು ವರ್ಷ ಈ ಕಿಟಕಿಯಿಂದ ಈ ಸದ್ದು ಕೇಳಿದ್ದೇನೆ. ರೊಟ್ಟಿ ಲಟ್ಟಿಸುವಾಗ, ಬಟ್ಟೆ ಹಿಂಡುವಾಗ. ಈ ಸಲ ಒಂದೊಂದನ್ನೂ ಬೇರೆ ಮಾಡಿ ಕೇಳುತ್ತಿದ್ದೇನೆ. ಒಳ್ಳೆಯದಲ್ಲ ಇದು. ಇಡೀ ದಂಡೆ ಒಬ್ಬರನ್ನೊಬ್ಬರು ಕರೆಯುತ್ತಿರುವಾಗ ಮೇಲೆ ಕಲ್ಲಿನ ಮರೆಯಲ್ಲಿ ದುರ್ಬೀನು ಹಿಡಿದು ಕೂತವಳ ಬಾಯಿ ಒಣಗುತ್ತದೆ.

ಜನವರಿ 14

ಇವತ್ತು ಮೂರನೆಯದು. “ರೋಸೆಂದೊ, ಎಲ್ಲಿದೀಯ? ಯಾಕೆ ಮಾತಾಡಲ್ಲ? ನಾನು ಏನು ಮಾಡಿದೆ?”

ನಾನು ಏನು ಮಾಡಿದೆ! ಇಷ್ಟು ದಿನ ತಡೆದೆ. ಸಂಜೆ ವರದಿ ಮುಗಿಸಿ ವೈರ್‌ಲೆಸ್ ಹುಡುಗಿಗೆ ಹೇಳಿದೆ, ನಾಳೆ ರೇಡಿಯೋದವರಿಗೆ ಇದನ್ನು ಕೊಡು ಎಂದು. ನಿಧಾನವಾಗಿ, ಒಂದೊಂದೇ ಮಾತು: “ಪುಂತಾ ಕೆಮಾದಾದಿಂದ ಲಾ ಪೊರ್ಫೀಯಾಕ್ಕೆ. ರೋಸೆಂದೊ ನೀವು ಇಟ್ಟ ಕಡೆಯೇ ಇದ್ದಾನೆ, ಕಬ್ಬಿಣದ ಬೇಲಿಯೊಳಗೆ. ಹೋಗಿ ಅಲ್ಲೇ ಕೇಳಿ. ಒತೀಲಿಯಾ.”



“ಬರ್ಕೊಂಡ್ಯಾ?”

“ಬರ್ಕೊಂಡೆ. ದೋನ್ಯಾ, ಇದನ್ನ... ಹೀಗೇ ಓದ್ಲಾ ಅವ್ರಿಗೆ?”

“ಹೀಗೇ.”

ಜನವರಿ 15

ಓದಿದಳು. ರೇಡಿಯೋದ ಹುಡುಗಿ ಈ ಸಲ ನಗಲಿಲ್ಲ. ಓದಿ ಮುಗಿಸಿ ಹಾಡು ಹಾಕಿದಳು.

ಎದೆ ಹಗುರವಾಯಿತು. ಊಟ ರುಚಿಸಿತು. ತುಂಬ ದಿನದ ಮೇಲೆ ಮಧ್ಯಾಹ್ನ ನಿದ್ದೆ ಮಾಡಿದೆ.

ಜನವರಿ 17

ಬೆಳಿಗ್ಗೆ ದಾಳಿ ಆಯಿತು. ಹೆಣ್ಣು ಸಿಗದ ಪಡ್ಡೆ ಗಂಡುಗಳು ದಂಡೆಯ ತುದಿಯಲ್ಲಿ ವಾರದಿಂದ ಬಿದ್ದುಕೊಂಡಿದ್ದವು. ಒಂದು ಎದ್ದಿತು, ಹಿಂದೆಯೇ ಎಲ್ಲ. ನೀರಿನ ಕಡೆಯಿಂದ ನುಗ್ಗಿದವು. ಒಕ್ಕಣ್ಣ ಒಂದನ್ನು ತಡೆದರೆ ಇನ್ನೊಂದು ಅವನ ಕಾಣದ ಕಡೆಯಿಂದ ಒಳಹೊಕ್ಕಿತು. ಒಂದು ಮರಿಯನ್ನು ಕುತ್ತಿಗೆಯಲ್ಲಿ ಕಚ್ಚಿ ಹಿಡಿದು, ಚಿಂದಿ ಬಟ್ಟೆಯ ಹಾಗೆ ಒದರಿ, ನೀರಿಗೆ ಹೊತ್ತೊಯ್ದು ಮತ್ತೆ ತಂದು ಕಲ್ಲಿಗೆ ಎಸೆಯಿತು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಗಂಡುಗಳು ಮತ್ತೆ ಮಲಗಿದವು.

ನಾನು ಎದ್ದು ನಿಂತುಬಿಟ್ಟಿದ್ದೆ, ಕೈಯಲ್ಲಿ ಕಲ್ಲು. ಯಾವಾಗ ಎತ್ತಿಕೊಂಡೆನೋ.

ಸಂಜೆ ಆ ಮರಿಯ ತಾಯಿ ಮೇವಿನಿಂದ ಬಂತು. ಬಲಭುಜದ ಮೇಲೆ ಬಿಳಿ ಗೆರೆ ಇರುವ ಹೆಣ್ಣು. ನೀರಂಚಿನಲ್ಲಿ ನಿಂತು ಕೂಗಿತು. ಕಿವಿಯೆತ್ತಿ ಕಾಯಿತು. ಎರಡು ಮಾರು ಮೇಲೆ ಬಂದು ಮತ್ತೆ ಕೂಗಿತು.

ಜನವರಿ 19

ಗಾವ್ನಾ ಬರುವ ದಿನವಲ್ಲ. ಲಾರಿ ಬಂದು ನಿಂತಿತು, ತೊಟ್ಟಿಯ ಹತ್ತಿರ ಹೋಗಲಿಲ್ಲ. ಕೈ ತಟ್ಟಿ ಹೊರಗೇ ನಿಂತ. ಒಳಗೆ ಕರೆದೆ, ಬರಲಿಲ್ಲ.

“ನೀವು ಬೈದ್ರೂ ಸರಿ, ಇವತ್ತು ಅವ್ರ ಮಾತೇ ಆಡ್ತೀನಿ. ಆವತ್ತೇ ಆಡ್ಬೇಕಿತ್ತು.”

“ಆಡು.”

“ದೋನ್ಯಾ ಸೆಲ್ಮೀರಾಗೆ ತಲೆ ನಿಲ್ತಾ ಇಲ್ಲ. ಚಳಿಗಾಲದಿಂದ್ಲೇ. ಒಂದಿನ ನಂಗೆ ನೀರಿನ ದುಡ್ಡು ಎರಡು ಸಲ ಕೊಡ್ತಾರೆ, ಇನ್ನೊಂದಿನ ನೀನ್ಯಾರು ಅಂತಾರೆ. ತಮ್ಮ ಸತ್ತದ್ದು ಅವ್ರಿಗೆ ನೆನಪಿಲ್ಲ. ಆಗಾಗ ಹೆದ್ದಾರಿ ಅಂಗಡಿಗೆ ಹೋಗಿ ರೇಡಿಯೋಗೆ ಫೋನ್ ಮಾಡ್ತಾರೆ, ತಮ್ಮನ್ನ ಕರೀತಾರೆ. ಅಂಗಡಿಯವ್ನು ಹೇಳಕ್ಕೆ ಹೋದ್ರೆ ನಂಬಲ್ಲ, ಚಾವಟಿ ಎತ್ತುತಾರೆ.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಆವತ್ತು ನಿಮ್ಮ ಸಂದೇಶ ಓದಿದ್ರಲ್ಲ, ಕುರಿಮನೇಲಿ ಎಲ್ರೂ ಊಟಕ್ಕೆ ಕೂತಿದ್ರಂತೆ. ನೀವು ಹೇಳಿದ್ದಕ್ಕೆ ಅಮ್ಮ ನಂಬಿದ್ರು. ಎದ್ದು ಬೇಲಿ ಹತ್ರ ಹೋಗಿ ಶಿಲುಬೆ ಮೇಲಿನ ಹೆಸ್ರು ಓದ್ಕೊಂಡ್ರಂತೆ. ಆಮೇಲೆ ಅಲ್ಲಿಂದ ಏಳಿಸಕ್ಕೆ ಆಗ್ಲಿಲ್ಲ. ನಾನು ಹೋದಾಗ ಗಾಳಿಲಿ ತಲೆಗೆ ಬಟ್ಟೆ ಇಲ್ದೆ ಕೂತಿದ್ರು. ಅವತ್ತೇ ಸತ್ತ ಹಾಗೆ ಅಳ್ತಾ ಇದ್ರು, ದೋನ್ಯಾ. ಅವತ್ತೇ ಸುದ್ದಿ ಬಂದ ಹಾಗೆ. ಈಗ ಜ್ವರ. ಉಣ್ಣೆ ಕತ್ತರಿಸೋರು ಹೊರಟುಹೋದ್ರು. ಕುರಿ ಕಾಯೋ ಮುದುಕ ಒಬ್ನಿದಾನೆ, ಅವ್ನಿಗೆ ಗಂಜಿ ಕಾಯ್ಸಕ್ಕೂ ಬರಲ್ಲ.”

“ನೀನು ಯಾಕೆ ಮೊದಲೇ ಹೇಳ್ಲಿಲ್ಲ?”

“ಹೇಳಕ್ಕೆ ಬಿಟ್ರಾ?”

ಅವನು ಹೋದ ಮೇಲೆ ಕಲ್ಲಿನ ಮರೆಗೆ ಹೋಗಿ ಕೂತೆ. ಬಿಳಿಗೆರೆಯ ಹೆಣ್ಣು ಅದೇ ಜಾಗದಲ್ಲಿ ಕೂಗುತ್ತಿತ್ತು. ದನಿ ಒಡೆದಿದೆ.

ಜನವರಿ 20

ಗಾವ್ನಾ ನಾಳೆ ಬೆಳಿಗ್ಗೆ ಈ ದಾರಿಯಲ್ಲೇ ತಿರುಗಿ ಬರುತ್ತಾನೆ. ಅವನ ಲಾರಿ ಹತ್ತಿ ಒಂದು ದಿನ ತಪ್ಪಿದರೂ ಮನೆ ಹೋಯಿತು. ಮರಿ ಹಾಕುವುದು ಜೋರಾಗಿರುವ ವಾರವೇ ಇದು. ಸಾರಾತೆ ಸಾಹೇಬರ ಮಾತು ಸಾಹೇಬರ ಮಾತೇ.

ರೋಸೆಂದೊ ಇದ್ದಿದ್ದರೆ ಏನು ಹೇಳುತ್ತಿದ್ದ ಎಂದು ಯೋಚಿಸಿದೆ. ಏನೂ ಹೊಳೆಯಲಿಲ್ಲ.

ಜನವರಿ 25

ಬರೆಯಲು ಬಿಡುವಿಲ್ಲ. ಮುಖ್ಯವಾದದ್ದಷ್ಟು ಬರೆಯುತ್ತೇನೆ.

ಇಪ್ಪತ್ತೊಂದರ ಬೆಳಿಗ್ಗೆ ಗಾವ್ನಾನ ಲಾರಿಯಲ್ಲಿ ಹೋಗಿ ಪೊರ್ಫೀಯಾದ ಗೇಟಿನಲ್ಲಿ ಇಳಿದು, ಪದ್ಧತಿಯಂತೆ ಕೈ ತಟ್ಟಿ, ಒಳಗಿನಿಂದ ಕರೆಯಲೆಂದು ನಿಂತೆ. ನಾಯಿ ಬೊಗಳಿತು, ಯಾರೂ ಬರಲಿಲ್ಲ. ಮತ್ತೆ ತಟ್ಟಿದೆ.

“ಯಾರು ಕರೀತಾರೆ ದೋನ್ಯಾ?” ಗಾವ್ನಾ ಸಿಡುಕಿದ. “ನಲವತ್ತು ವರ್ಷ ಕರೀದೋರು ಇವತ್ತು ಕರೀತಾರಾ? ನಡೀರಿ ಒಳಗೆ.”

ಕರೆಯದ ಮನೆಯೊಳಗೆ ಹೀಗೆ ಹೋದದ್ದು ನನ್ನ ಜನ್ಮದಲ್ಲಿ ಇದೇ ಮೊದಲು.

ಅತ್ತಿಗೆ ಸೆಲ್ಮೀರಾ ಮಂಚದ ಮೇಲೆ ಇಷ್ಟೇ ಇಷ್ಟು ಇದ್ದರು. ಟಗರಿನ ಕೊಂಬು ಹಿಡಿದು ನೆಲಕ್ಕೆ ಕೆಡವುತ್ತಿದ್ದ ಹೆಂಗಸು. ಕಣ್ಣು ಬಿಟ್ಟು, “ಡಾಕ್ಟರಮ್ಮನಾ?” ಎಂದರು. ಹೌದೆಂದೆ. ಜ್ವರ ಇಳಿಯುವವರೆಗೆ ಒದ್ದೆಬಟ್ಟೆ ಹಾಕುತ್ತಾ, ಕುರಿಮೂಳೆಯ ಸಾರು ಕುಡಿಸುತ್ತಾ ಇದ್ದೆ. ಮೂರನೇ ದಿನ ಎದ್ದು ಕೂತು, ಮೊದಲ ಮಾತು, “ರೋಸೆಂದೊ ಬಂದ್ನಾ?”

ಆ ಗಳಿಗೆಗಾಗಿಯೇ ನಾನು ದಾರಿಯುದ್ದಕ್ಕೂ ಹೆದರಿಕೊಂಡು ಬಂದಿದ್ದೆ. ಬಾಯಿ ತಾನೇ ಹೇಳಿತು: “ಕೆಲಸದ ಮೇಲಿದಾರೆ ಅತ್ತಿಗೆ. ಮರಿ ಹಾಕೋ ಕಾಲ ಅಲ್ವಾ.”

“ತೋಳಕ್ಕೆ ಸೂಲಗಿತ್ತಿ ಕೆಲಸ ಮಾಡ್ತಾನಾ? ಮಾಡ್ಲಿ. ಸತ್ತೋನು ಅಂತ ಯಾರೋ ಹೇಳಿದ್ರು. ಎಂಥಾ ಜನ ಇರ್ತಾರೆ ನೋಡು.”

“ಇರ್ತಾರೆ.”

ಒಬ್ಬರನ್ನೇ ಬಿಟ್ಟು ಬರಲು ಆಗಲಿಲ್ಲ. ಕಂಬಳಿ ಸುತ್ತಿ, ನೀರಿನ ಲಾರಿಯಲ್ಲಿ ನನಗೂ ಗಾವ್ನಾನಿಗೂ ನಡುವೆ ಕೂರಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಅವನ ಗೇರು ಬದಲಿಸುವ ರೀತಿಗೆ ಬೈದರು.

ವೈರ್‌ಲೆಸ್‌ನಲ್ಲಿ ಹೇಳಬೇಕಾದ್ದನ್ನು ಹೇಳಿದೆ. ಇಪ್ಪತ್ತೊಂದರಿಂದ ಇಂದಿನವರೆಗೆ ವರದಿ ಇಲ್ಲ. ನೋಡಿದವರು ಯಾರೂ ಇಲ್ಲ.

ಜನವರಿ 29

ಗಾಳಿ ಇಲ್ಲದ ಹೊತ್ತು ನೋಡಿ ಅತ್ತಿಗೆಯನ್ನು ಕಲ್ಲಿನ ಮರೆಗೆ ಕರೆದುಕೊಂಡು ಹೋದೆ. ನಾಲ್ಕು ಹರದಾರಿ ಆಚೆ ಹುಟ್ಟಿ ಬೆಳೆದವರು, ಒಂದು ದಿನವೂ ಈ ದಂಡೆ ನೋಡಿದವರಲ್ಲ. ಮರಿಗಳ ಕೂಗು ಕೇಳಿದ್ದೇ ತಡ, ಹುಬ್ಬು ಗಂಟಿಕ್ಕಿದರು.

“ಯಾರ ಮಂದೆ ಇದು?”

ನಿಜವೇ, ಮರಿಗಳ ದನಿ ಕುರಿಮರಿಯ ದನಿಯೇ. ಮೂವತ್ತು ವರ್ಷ ಕೇಳಿದ ನನಗೆ ಅದು ಹೊಳೆದಿರಲಿಲ್ಲ.

“ಸರ್ಕಾರದ್ದು.”

“ಅದಕ್ಕೇ ಹೀಗೆ. ಇಷ್ಟು ಒತ್ತಾಗಿ ಬಿಟ್ರೆ ತುಳಿದು ಸಾಯ್ತವೆ. ಟಗರು ಜಾಸ್ತಿ ಆಯ್ತು. ಅರ್ಧ ಮಾರಿಬಿಡು.” ಕೋಲಿನಿಂದ ತೋರಿಸಿದರು. “ಅಲ್ಲಿ ನೋಡು, ಆ ತಾಯಿಗೆ ಮರಿ ಇಲ್ಲ.”

ಬಿಳಿಗೆರೆಯದೇ. ಕೂಗುವುದನ್ನು ನಿಲ್ಲಿಸಿದೆ. ಸುಮ್ಮನೆ ಮಲಗಿರುತ್ತದೆ.

“ದಾಳೀಲಿ ಸತ್ತೋಯ್ತು ಅತ್ತಿಗೆ.”

“ಸತ್ತ ಮರಿ ಚರ್ಮ ಸುಲಿದು, ತಬ್ಬಲಿ ಮರಿಗೆ ಅಂಗಿ ಹಾಗೆ ಹೊದಿಸು. ತಾಯಿ ವಾಸನೆ ನೋಡಿ ಒಪ್ಕೋತಾಳೆ. ಎರಡೇ ದಿನ. ಆಮೇಲೆ ಚರ್ಮ ತೆಗೆದ್ರೂ ಬಿಡಲ್ಲ.”

“ಇವಕ್ಕೆ ಹಾಗೆಲ್ಲ ಮಾಡಂಗಿಲ್ಲ. ನಾವು ನೋಡೋದಷ್ಟೇ.”

ನನ್ನ ಕಡೆ ತಿರುಗಿ ಮೇಲಿನಿಂದ ಕೆಳಗೆ ನೋಡಿದರು. “ನೋಡ್ತಾ ಕೂರೋದು ಒಂದು ಕೆಲಸಾನಾ? ಏನು ಹೆಂಗಸಮ್ಮ ನೀನು.”

ನಗು ಬಂದುಬಿಟ್ಟಿತು. ತಡೆಯಲು ಹೋಗಿ ಕೆಮ್ಮಿದೆ. ಒಕ್ಕಣ್ಣ ಕೆಳಗಿನಿಂದ ತಲೆಯೆತ್ತಿ ನೋಡಿದ.

ಫೆಬ್ರವರಿ 5

ಸಾರಾತೆ ಸಾಹೇಬರು ಬಂದಿದ್ದರು. ಕಷಾಯ ಮೂರು ಸುತ್ತು ಕುಡಿದರು. ಅತ್ತಿಗೆ ಒಲೆಯ ಪಕ್ಕ ಕೂತು ಅವರ ಬೂಟನ್ನೇ ನೋಡುತ್ತಿದ್ದರು.

ಕೊನೆಗೆ, “ಐದು ದಿನ, ದೋನ್ಯಾ” ಎಂದರು. “ಬೇರೆ ವಾರ ಆಗಿದ್ರೆ ಹೇಗಾದ್ರೂ ಮಾಡ್ತಿದ್ದೆ. ಮೇಲಿನವ್ರಿಗೆ ನಾನು ಏನು ಹೇಳ್ಲಿ?”

“ಇದ್ದದ್ದನ್ನೇ ಹೇಳಿ.”

“ಹೊಸಬನ್ನ ಗೊತ್ತು ಮಾಡಿದಾರೆ. ಮಾರ್ಚ್ ಮೊದಲ ವಾರ ಬರ್ತಾನೆ.” ಟೋಪಿ ಹಾಕಿಕೊಂಡು, ಮತ್ತೆ ತೆಗೆದು, “ನೀವು ಎಲ್ಲಿಗೆ ಹೋಗ್ತೀರಿ?” ಎಂದು ಈ ಸಲ ಕೇಳಿದರು.

“ಮದ್ರಿನ್ ಪಟ್ಟಣದಲ್ಲಿ ಒಂದು ಕೋಣೆ ನೋಡ್ತೀನಿ.”

ಅವರು ಹೋದ ಮೇಲೆ ಅತ್ತಿಗೆ ಹೇಳಿದರು, “ಒಳ್ಳೇ ಬೂಟು. ಆದ್ರೆ ಕುರಿ ಹಿಡಿಯಕ್ಕೆ ಬರಲ್ಲ ಆ ಮನುಷ್ಯನಿಗೆ.”

ಅಳಬೇಕೆಂದುಕೊಂಡಿದ್ದೆ. ಅವರಿಗೆ ಕಾಲು ತೊಳೆಯಲು ನೀರು ಕಾಯಿಸುವುದಿತ್ತು.

ಫೆಬ್ರವರಿ 8

ಗಾವ್ನಾ ನೀರು ತಂದ. ಎರಡನೇ ಸುತ್ತಿಗೂ ಕೂತ. ಕೋಣೆಯ ಬಾಡಿಗೆ ವಿಚಾರಿಸಲು ಹೇಳಿದೆ.

“ಪೊರ್ಫೀಯಾದಲ್ಲಿ ಅಷ್ಟು ದೊಡ್ಡ ಮನೆ ಖಾಲಿ ಬಿದ್ದಿದೆ” ಎಂದ.

“ಜ್ವರಕ್ಕೆ ಹೋದೆ, ಆ ಮಾತು ಬೇರೆ. ಇರಕ್ಕೆ ಹೋಗ್ಬೇಕು ಅಂದ್ರೆ ಮನೆಯವ್ರು ಕರೀಬೇಕು. ಅವ್ರಿಗೆ ನಾನು ಯಾರು ಅಂತಾನೇ ಗೊತ್ತಿಲ್ಲ.”

“ಹಟ ಅನ್ನೋ ಹೆಸರು ನಿಮ್ಮ ಮನೆಗೆ ಇಡ್ಬೇಕಿತ್ತು.”

ಫೆಬ್ರವರಿ 12

ಬೆಳಿಗ್ಗೆ ಒಕ್ಕಣ್ಣ ಹೊರಟುಹೋದ. ಎರಡು ತಿಂಗಳ ಉಪವಾಸ. ಚರ್ಮ ಜೋತು, ಬೆನ್ನೆಲುಬು ಕಾಣುತ್ತಿತ್ತು. ಯಾರೂ ಅಡ್ಡ ಬರಲಿಲ್ಲ, ಯಾರೂ ತಲೆಯೆತ್ತಲೂ ಇಲ್ಲ. ನೀರಿಗಿಳಿದ, ಒಂದು ಸಲ ಮುಳುಗಿದ, ಆಮೇಲೆ ಕಾಣಲಿಲ್ಲ.

ಅತ್ತಿಗೆ ನಿನ್ನೆ ಸಂಜೆ ಎಲ್ಲ ತಮ್ಮ ಎಲ್ಲಿ ಎಂದು ಕೇಳಿದರು. ಇವತ್ತು ಒಂದು ಸಲವೂ ಕೇಳಲಿಲ್ಲ. ಕೇಳದಿದ್ದರೆ ನನಗೆ ಯಾಕೋ ಹೆಚ್ಚು ಭಯ.

ಫೆಬ್ರವರಿ 17

ಮರಿಗಳಿಗೆ ಈಜು ಕಲಿಯುವ ಸಮಯ. ಕಡಲ ಇಳಿತದಲ್ಲಿ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಗುಂಪುಗುಂಪಾಗಿ ಬಿದ್ದು ಒದ್ದಾಡುತ್ತವೆ. ಅತ್ತಿಗೆಯನ್ನು ಕಲ್ಲಿನ ಮರೆಯಲ್ಲಿ ಮುಕ್ಕಾಲಿಯ ಮೇಲೆ ಕೂರಿಸಿ ಕಂಬಳಿ ಹೊದಿಸಿದೆ. ಬಿಸಿಲು ಹಿತವಾಗಿತ್ತು. ಬುರುಡೆ ಕೈಯಿಂದ ಕೈಗೆ ಹೋಗುತ್ತಿತ್ತು. ತುಂಬ ಹೊತ್ತು ನೋಡಿ, ಇದ್ದಕ್ಕಿದ್ದ ಹಾಗೆ ಹೇಳಿದರು:

“ನೀನು ಒಳ್ಳೆಯವಳಮ್ಮ. ಯಾರ ಕಡೆಯವಳು ನೀನು?”

“ಇಲ್ಲಿಯವಳೇ.”

“ನನ್ನ ತಮ್ಮನ ಹೆಂಡ್ತಿ ಒಬ್ಳಿದಾಳೆ. ಒತೀಲಿಯಾ ಅಂತ.”

ನಲವತ್ತು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ನನ್ನ ಹೆಸರು ಕೇಳಿದೆ. ಅವರಿಗೆ ಅದು ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

“ಹೇಗೆ ಅವ್ಳು?”

“ಗಂಟುಮೋರೆ. ನಾಲ್ಕು ಮಾತಾಡಿದ್ರೆ ಮೂರು ಮುಳ್ಳು. ಸಾರು ಮಾಡಿದ್ರೆ ಉಪ್ಪಿರಲ್ಲ. ನೀನು ಹೋಗಿ ಹೇಳ್ಬಿಟ್ಟೀಯ ಮತ್ತೆ.”

“ಹೇಳಲ್ಲ.”

“ಅವ್ನು ಹೋದ್ಮೇಲೆ ಒಬ್ಳೇ ಇದಾಳಂತೆ. ಎಲ್ಲೋ ಬಂಡೆ ಮೇಲೆ, ಗಾಳೀಲಿ.”

ಅವನು ಹೋದ ಮೇಲೆ. ತಮ್ಮ ಸತ್ತದ್ದು ಈ ಗಳಿಗೆ ಅವರಿಗೆ ನೆನಪಿದೆ. ಅವರು ಕೆಳಗೆ ನೋಡುತ್ತಲೇ ಇದ್ದರು, ಒಂದು ಮರಿ ಬಂಡೆ ಹತ್ತಲಾರದೆ ಜಾರುತ್ತಿತ್ತು.

“ಅವನ್ನ ನಾನು ಕಿತ್ಕೊಂಡು ಬಂದೆ ಅವಳ ಕೈಯಿಂದ. ಬಿಡಬೇಕಿತ್ತು. ಅವನು ನನ್ನ ಕೈಲಿ ಬೆಳೆದ ಹುಡುಗ, ಆಗ್ಲಿಲ್ಲ. ಆಮೇಲೆ ಅವಳನ್ನ ಮನೆಗೆ ಕರ್ಕೊಂಡು ಬರೋಣ ಅಂತ ದಿನಾ ಅಂದ್ಕೋತೀನಿ. ಇಷ್ಟು ವರ್ಷ ಒಂದು ದಿನ ಕರೀಲಿಲ್ಲ, ಈಗ ಯಾವ ಮುಖ ಇಟ್ಕೊಂಡು ಕರೀಲಿ? ಕರೆದ್ರೂ ಬರಲ್ಲ ಅವ್ಳು.”

“ಬರ್ಬಹುದು.”

“ನಿನಗೆ ಗೊತ್ತಾ ಅವ್ಳು?”

“ಸ್ವಲ್ಪ.”

“ಹಾಗಾದ್ರೆ ನೀನೇ ಕೇಳು. ಈಗ್ಲೇ ಕೇಳು, ಆಮೇಲೆ ನಂಗೆ ಮರ್ತುಹೋಗತ್ತೆ.”

ನಾನು ದುರ್ಬೀನು ಎತ್ತಿ ಕಣ್ಣಿಗೆ ಇಟ್ಟುಕೊಂಡೆ. ಏನೂ ಕಾಣಲಿಲ್ಲ, ಗಾಜು ಮಂಜಾಗಿತ್ತು. ಕೆಳಗಿನ ಮರಿ ಬಂಡೆ ಹತ್ತಿತೋ ಮತ್ತೆ ಜಾರಿತೋ ತಿಳಿಯದು. ಸ್ವಲ್ಪ ಹೊತ್ತು ಬಿಟ್ಟು ಹೇಳಿದೆ:

“ಬರ್ತಾಳಂತೆ, ಅತ್ತಿಗೆ.”

ಅವರು ತಲೆಯಾಡಿಸಿ, ಕಂಬಳಿಯನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡರು.

“ಬರ್ಲಿ. ಉಪ್ಪು ಮಾತ್ರ ನಾನೇ ಹಾಕ್ತೀನಿ ಅಂತ ಹೇಳು.”